ಇಲ್ಲದ ಬಿರುಕು

ಲೋಕೋ ಶೆಡ್ಡಿನಲ್ಲಿ ನನ್ನ ಸೋದರಮಾವನಿಗೆ ಠಣ್ ಮೇಸ್ತ್ರಿ ಎಂದೇ ಹೆಸರು. ಉಗಿ ಇಂಜಿನುಗಳ ಬಾಯ್ಲರ್ ನೋಡಿಕೊಳ್ಳುವುದು ಅವನ ಕೆಲಸ. ಇಂಜಿನು ತೊಳೆಯಲು ಬಂದಾಗ ಬೆಂಕಿ ಆರಿಸಿ, ಒಳಗಿನ ಕಾವು ಇಳಿಯುವವರೆಗೆ ಕಾದು, ಅದರ ಒಲೆಯ ಸಣ್ಣ ಬಾಗಿಲಿನಿಂದ ಮೈ ಹಿಡಿಮಾಡಿಕೊಂಡು ಒಳಗೆ ಜಾರುತ್ತಿದ್ದ. ಕೈಯಲ್ಲಿ ಒಂದು ದೀಪ, ಒಂದು ಪುಟ್ಟ ಸುತ್ತಿಗೆ. ಒಲೆಯ ಗೋಡೆಯನ್ನು ಹೊರಗಿನ ತಗಡಿಗೆ ಬಿಗಿದ ನೂರಾರು ಬೋಲ್ಟುಗಳನ್ನು ಒಂದೊಂದಾಗಿ ಬಡಿದು ಕೇಳುತ್ತಿದ್ದ. ಗಟ್ಟಿಯಾಗಿದ್ದರೆ ಠಣ್ ಅನ್ನುತ್ತದೆ, ಮುರಿದಿದ್ದರೆ ದಬ್ ಅನ್ನುತ್ತದೆ. ಅವನು ಹೊರಗೆ ಬಂದು ಪುಸ್ತಕದಲ್ಲಿ ಏನು ಬರೆಯುತ್ತಾನೋ ಅದೇ ಕೊನೆಯ ಮಾತು. ಫೋರ್‌ಮನ್ ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದರು.

ಅವನು ನನ್ನ ಅಮ್ಮನ ತಮ್ಮ. ಎಂಟು ವರ್ಷ ಚಿಕ್ಕವನು. ಅಜ್ಜ, ಅಜ್ಜಿ ಒಂದೇ ವರ್ಷದಲ್ಲಿ ತೀರಿಕೊಂಡಾಗ ಅಮ್ಮ ಮದುವೆಯಾಗಿ ಬಂದ ಮನೆಗೇ ಅವನನ್ನೂ ಕರೆತಂದಳು. ಅವನನ್ನು ಶೆಡ್ಡಿಗೆ ಸೇರಿಸಿದವನು ನನ್ನ ಅಪ್ಪ. ಅಪ್ಪ ಅಲ್ಲೇ ಇಂಜಿನ್ ಡ್ರೈವರ್. ಮಾವ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, "ಮೈಯೆಲ್ಲ ಮಸಿ. ಬಂದವಳು ನನ್ನನ್ನು ಉಜ್ಜೋದರಲ್ಲೇ ಮುದುಕಿಯಾಗ್ತಾಳೆ" ಅನ್ನುತ್ತಿದ್ದ. ರೈಲ್ವೆ ಕ್ವಾರ್ಟರ್ಸಿನ ಹಿಂದಿನ ಸಾಲಿನಲ್ಲಿ ಒಂದು ಕೋಣೆ ಮಾಡಿಕೊಂಡಿದ್ದ. ಭಾನುವಾರದ ಊಟ ಮಾತ್ರ ತಪ್ಪದೆ ನಮ್ಮ ಮನೆಯಲ್ಲಿ.

ಅಪ್ಪನ ಇಂಜಿನಿಗೆ ಇಪ್ಪತ್ತೇಳು ಎನ್ನುತ್ತಿದ್ದರು. ಅದರ ನಂಬರಿನ ಕೊನೆಯ ಎರಡಂಕಿ ಅದು. ಹನ್ನೊಂದು ವರ್ಷ ಅದನ್ನೇ ಓಡಿಸಿದ್ದ. ಅಪ್ಪನಿಗೆ ಒಂದು ಜಂಬವಿತ್ತು, ತನ್ನ ಕಿವಿಯ ಬಗ್ಗೆ. ಅಡುಗೆಮನೆಯಲ್ಲಿ ನೀರು ಕುದಿಯಲು ಇನ್ನೆಷ್ಟು ಹೊತ್ತು ಎಂದು ಹಜಾರದಲ್ಲಿ ಕೂತು ಹೇಳುತ್ತಿದ್ದ. ಓಡುವ ಇಂಜಿನಿನಲ್ಲಿ ಎಲ್ಲಿ ಒಂದು ಹನಿ ನೀರು ಬೆಂಕಿಗೆ ಬಿದ್ದರೂ ತನಗೆ ಕೇಳುತ್ತದೆ ಎನ್ನುತ್ತಿದ್ದ. ಇದು ಕೊಚ್ಚಿಕೊಳ್ಳುವುದಲ್ಲ, ನಿಜವೇ ಎಂದು ಮಾವನೇ ನಾಲ್ಕು ಜನರ ಮುಂದೆ ಹೇಳಿದ್ದುಂಟು.

ಆಮೇಲೆ ಡೀಸೆಲ್ ಬಂತು. ನಲವತ್ತು ಉಗಿ ಇಂಜಿನು ನಿಲ್ಲುತ್ತಿದ್ದ ಶೆಡ್ಡಿನಲ್ಲಿ ನಾಲ್ಕು ವರ್ಷದೊಳಗೆ ಎಂಟು ಉಳಿದವು. ಪಕ್ಕದಲ್ಲೇ ಹೊಸ ಶೆಡ್ಡು ಎದ್ದಿತು. ಗಾಜಿನ ಕಿಟಕಿ, ನುಣ್ಣನೆ ಸಿಮೆಂಟ್ ನೆಲ, ಬಿಳಿ ಟ್ಯೂಬ್ ದೀಪ. ಅಲ್ಲಿನ ಫಿಟ್ಟರುಗಳ ನೀಲಿ ಬಟ್ಟೆ ಸಂಜೆಗೂ ನೀಲಿಯಾಗಿಯೇ ಇರುತ್ತಿತ್ತು. ಮಾವ ಮಧ್ಯಾಹ್ನದ ಬಿಡುವಿನಲ್ಲಿ ಆ ಕಿಟಕಿಯ ಬಳಿ ನಿಂತು ನೋಡುತ್ತಿದ್ದ. ಅವನಿಗೆ ಆಗಲೇ ಕೆಮ್ಮು ಹತ್ತಿತ್ತು. ಒಲೆಯೊಳಗಿನ ಬೂದಿ ಇಪ್ಪತ್ತು ವರ್ಷ ಕುಡಿದ ಎದೆ.

ಡೀಸೆಲ್ ತರಬೇತಿಗೆ ಹೋಗಬೇಕೆಂದು ಅರ್ಜಿ ಹಾಕಿದ. ಆಯ್ಕೆಯೂ ಆದ. ಆದರೆ ಬಿಡುಗಡೆ ಸಿಗಲಿಲ್ಲ. ನಿಯಮ ಹೀಗಿತ್ತು: ಎಂಟು ಉಗಿ ಇಂಜಿನು ಇರುವವರೆಗೆ ಶೆಡ್ಡಿನಲ್ಲಿ ಒಬ್ಬ ಬಾಯ್ಲರ್ ಮೇಸ್ತ್ರಿ ಇರಲೇಬೇಕು. ಏಳಕ್ಕಿಳಿದರೆ ಬಾಯ್ಲರ್ ಕೆಲಸವೆಲ್ಲ ಮುಂದಿನ ಊರಿನ ಶೆಡ್ಡಿಗೆ. ತರಬೇತಿಗೆ ನಲವತ್ತು ವರ್ಷ ಮೀರಿರಬಾರದು. ಮಾವನಿಗೆ ನಲವತ್ತು ತುಂಬಲು ಏಳು ವಾರ ಬಾಕಿ. ಪಟ್ಟಿ ಮುಚ್ಚಲು ಹತ್ತು ದಿನ.

"ಒಂದು ಇಂಜಿನು ಕೆಟ್ಟು ಕೂತರೆ ನಿನ್ನ ದಾರಿ ನಿನಗೆ," ಎಂದು ಫೋರ್‌ಮನ್ ನಗುತ್ತಾ ಹೇಳಿದರು. "ಆದ್ರೆ ನೀನು ಬಿಟ್ಟರೆ ತಾನೆ ಕೆಡೋದು? ಅಷ್ಟು ಚೆನ್ನಾಗಿ ಇಟ್ಕೊಂಡಿದ್ದೀಯ."

ಆ ಹತ್ತು ದಿನದೊಳಗೆ ತೊಳೆಯಲು ಬರುವ ಸರದಿ ಇದ್ದದ್ದು ಒಂದೇ ಇಂಜಿನಿನದು. ಇಪ್ಪತ್ತೇಳು.

ಗುರುವಾರ ಬೆಳಗ್ಗೆ ಮಾವ ಒಳಗೆ ಇಳಿದ. ಒಂದೊಂದೇ ಬೋಲ್ಟು ಬಡಿದ. ಎಲ್ಲವೂ ಠಣ್. ಹೊಗೆ ಹೋಗುವ ಕೊಳವೆಗಳನ್ನು ಸಿಕ್ಕಿಸಿದ ದಪ್ಪ ತಗಡನ್ನು ದೀಪ ಹಿಡಿದು ನೋಡಿದ. ಎಳ್ಳಷ್ಟೂ ದೋಷವಿಲ್ಲ. ಆ ಒಲೆಯೊಳಗೆ ಅವನು ಎಷ್ಟು ಹೊತ್ತು ಕೂತಿದ್ದನೋ ಅವನಿಗೇ ತಿಳಿಯದು. ಹೊರಗಿನವರು ಒಂದೆರಡು ಸಲ ಕೂಗಿ ಕರೆದರಂತೆ. ಅವನು ತನಗೆ ತಾನೇ ಹೇಳಿಕೊಂಡದ್ದು ಇಷ್ಟು: ಹೇಗೂ ಇನ್ನಾರು ತಿಂಗಳಲ್ಲಿ ಇದನ್ನು ತೆಗೆಯುತ್ತಾರೆ. ಭಾವನಿಗೆ ಐವತ್ತು, ಡ್ರೈವರುಗಳಿಗೆ ಐವತ್ತೆರಡರವರೆಗೂ ಡೀಸೆಲ್ ಕಲಿಯಲು ಅವಕಾಶ ಇದೆ. ಬೇಗ ಹೋದರೆ ಅವರಿಗೂ ಒಳ್ಳೆಯದೇ. ಯಾರಿಗೇನು ನಷ್ಟ?

ಹೊರಗೆ ಬಂದು ಕೈ ಒರೆಸಿಕೊಂಡು ಪುಸ್ತಕದಲ್ಲಿ ಬರೆದ: ಕೊಳವೆ ತಗಡಿನಲ್ಲಿ ಮೂರು ಕಡೆ ಬಿರುಕು. ಓಡಿಸಲು ಯೋಗ್ಯವಲ್ಲ.

ದೊಡ್ಡ ರಿಪೇರಿ ಬೇಕಾದ ಉಗಿ ಇಂಜಿನನ್ನು ವರ್ಕ್‌ಶಾಪಿಗೆ ಕಳಿಸಬೇಡಿ, ಸೇವೆಯಿಂದಲೇ ತೆಗೆಯಿರಿ ಎಂದು ಆ ಹೊತ್ತಿಗೆ ಮೇಲಿನಿಂದ ಆಜ್ಞೆಯಿತ್ತು. ಎರಡು ದಿನ ಬಿಟ್ಟು ಬಾಯ್ಲರ್ ಇನ್‌ಸ್ಪೆಕ್ಟರ್ ಬಂದರು. ಒಲೆಯ ಬಾಗಿಲಿಗೆ ಮುಖ ತಂದು, ತಮ್ಮ ಬಿಳಿ ಅಂಗಿ ನೋಡಿಕೊಂಡು, "ಠಣ್ ಮೇಸ್ತ್ರಿ ಬರೆದಿದ್ದಾನೆ ಅಂದ್ಮೇಲೆ ನಾನ್ಯಾಕೆ ಒಳಗೆ ಹೋಗಿ ಮಸಿ ಬಳ್ಕೊಳ್ಳಲಿ" ಎಂದು ಸಹಿ ಹಾಕಿದರು.

ಅಪ್ಪ ರಜೆಯಿಂದ ಬಂದವನು ಸುದ್ದಿ ಕೇಳಿ ನೇರವಾಗಿ ಶೆಡ್ಡಿಗೆ ಹೋದ. ಮಾವನ ಮುಂದೆ ನಿಂತು, "ನನಗೆ ತೋರಿಸು" ಅಂದ.

"ಬೇಡ ಭಾವ, ಒಳಗೆ ಬೂದಿ. ಉಸಿರು ಕಟ್ಟುತ್ತೆ."

"ಹನ್ನೊಂದು ವರ್ಷ ಅದರ ಬೂದೀನೇ ತಿಂದಿದ್ದೀನಿ. ನಡಿ."

ಇಬ್ಬರೂ ಒಲೆಯೊಳಗೆ ಇಳಿದರು. ಮೊಣಕಾಲು ಊರಿ ಕೂತರೆ ತಲೆಗೆ ಚಾವಣಿ ತಾಗುವಷ್ಟು ಜಾಗ. ಮಾವ ದೀಪ ಎತ್ತಿ, ಎರಡು ಕೊಳವೆಯ ನಡುವೆ ಮಸಿ ಕಟ್ಟಿದ್ದ ಒಂದು ತೆಳುವಾದ ಗೆರೆಯ ಮೇಲೆ ಬೆರಳಿಟ್ಟ. "ಇಲ್ಲಿ ನೋಡಿ."

ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಬಹಳ ಹೊತ್ತು ನೋಡಿದ. ಒಂದು ಸಲ ಬೆರಳಿನಿಂದ ಉಜ್ಜಿದ್ದರೆ ಆ ಗೆರೆ ಅಳಿಸಿಹೋಗುತ್ತಿತ್ತು. ಅಪ್ಪ ಉಜ್ಜಲಿಲ್ಲ.

"ಹೌದು ಕಣೋ," ಅಂದ. "ಕಾಣ್ತಾ ಇದೆ."

ಹೊರಗೆ ಬಂದು ಹಳಿಯ ಪಕ್ಕದ ಕಲ್ಲಿನ ಮೇಲೆ ಕೂತ. "ಹೋದ ಮಂಗಳವಾರ ಏಳು ಡಬ್ಬಿ ಎಳ್ಕೊಂಡು ಇಳಿಜಾರು ಇಳಿದೆ. ಡಬ್ಬಿ ತುಂಬ ಜನ. ಮಡಿಲಲ್ಲಿ ಕೂಸು ಇಟ್ಕೊಂಡವರು. ಇಷ್ಟುದ್ದ ಬಿರುಕು ಇದ್ರೆ ನೀರು ಸೋರಿ ಬೆಂಕಿ ಚುರ್ ಅಂತಿರಬೇಕು. ನನಗೆ ಕೇಳಲೇ ಇಲ್ಲ."

ಮಾವ ಆಗ ಹೇಳಬಹುದಿತ್ತು. ಬಾಯಿ ತೆರೆದೂ ಇದ್ದ. ಬಂದದ್ದು ಬರೀ ಕೆಮ್ಮು.

ಅವನು ತರಬೇತಿಗೆ ಹೊರಡುವ ಮುಂಚಿನ ಭಾನುವಾರ ಊಟಕ್ಕೆ ಬಂದಿದ್ದ. ಅಪ್ಪನಿಗೂ ಡೀಸೆಲ್ ಡ್ರೈವರ್ ತರಬೇತಿಯ ಕರೆ ಬಂದಿತ್ತು. ಆ ಕಾಗದ ತಟ್ಟೆಯ ಪಕ್ಕದಲ್ಲೇ ಇತ್ತು. ನಾನು ಆಗ ಟೀಚರ್ ಟ್ರೈನಿಂಗ್ ಓದುತ್ತಿದ್ದೆ; ಅಂದು ಮನೆಯಲ್ಲೇ ಇದ್ದೆ.

"ನಾನು ಹೋಗಲ್ಲ ಅಂತ ಬರೆದುಕೊಟ್ಟೆ," ಅಂದ ಅಪ್ಪ. "ಸ್ಟೋರ್ಸಿನಲ್ಲಿ ಒಂದು ಜಾಗ ಖಾಲಿ ಇದೆಯಂತೆ. ಹತ್ತಿ ಚಿಂದಿ, ಎಣ್ಣೆ ಹಂಚೋ ಕೆಲಸ. ಅದು ಸಾಕು ನನಗೆ."

ಅಮ್ಮನ ಕೈಯಲ್ಲಿದ್ದ ಸೌಟು ನಿಂತಿತು. "ನಿಮಗೇನು ತಲೆ ಕೆಟ್ಟಿದೆಯಾ? ಡಾಕ್ಟರ್ ಹತ್ತಿರ ತೋರಿಸಿ. ಕಿವಿ ಹೋಗಿದ್ರೆ ಅವರು ಹೇಳಲಿ."

"ಡಾಕ್ಟರ್ ಬಾಗಿಲು ಹಾಕ್ಕೊಂಡು ಪಿಸುಗುಟ್ಟುತ್ತಾರೆ, ಕೇಳಿಸುತ್ತೆ. ಇಂಜಿನು ಪಿಸುಗುಟ್ಟುತ್ತಾ? ಜನರ ಜೀವದ ಜೊತೆ ನಾನು ಪರೀಕ್ಷೆ ಮಾಡಲ್ಲ."

ಅಮ್ಮ ತಮ್ಮನ ಕಡೆ ತಿರುಗಿದಳು. "ನೀನಾದ್ರೂ ಹೇಳೋ."

ಮಾವ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಡೀಸೆಲ್‌ಗೆ ಕಿವಿ ಬೇಕಾಗಿಲ್ಲ ಭಾವ. ಮೀಟರ್ ನೋಡ್ತಾ ಇದ್ರೆ ಸಾಕು."

"ಹಾಗಾದ್ರೆ ಮೀಟರ್ ನೋಡೋರು ಓಡಿಸಲಿ," ಎಂದು ಅಪ್ಪ ಎದ್ದು ಕೈ ತೊಳೆಯಲು ಹೋದ.

ಆ ಊಟ ಮಾವನಿಗೆ ನುಂಗಲಾರದ ತುತ್ತಾಯಿತು. ಮರುದಿನ ರೈಲು ಹತ್ತಿದ. ಎಂಟು ತಿಂಗಳು ತರಬೇತಿ. ಪರೀಕ್ಷೆಯಲ್ಲಿ ಮೂರನೆಯವನಾಗಿ ಪಾಸಾದ. ನೀಲಿ ಬಟ್ಟೆ ತೊಟ್ಟು ಹೊಸ ಶೆಡ್ಡಿಗೆ ಬಂದ. ಕೆಮ್ಮು ಕಡಿಮೆಯಾಯಿತು. ಬಯಸಿದ್ದೆಲ್ಲ ಕೈಗೆ ಬಂದಿತ್ತು.

ಆದರೆ ಡೀಸೆಲ್ ಶೆಡ್ಡಿನ ಫಿಟ್ಟರೂ ಬೆಳಗ್ಗೆ ಬೆಳಗ್ಗೆ ಕೈ ಒರೆಸಲು ಹತ್ತಿ ಚಿಂದಿ ತರಬೇಕು. ಅದನ್ನು ಕೊಡುವ ಕಿಟಕಿಯ ಆಚೆ ಅಪ್ಪ. ಮರದ ಕಟ್ಟಿನ ಸಣ್ಣ ಕಿಟಕಿ. ಕೊಡುವವನ ಮುಖ ಕಾಣುವುದಿಲ್ಲ, ಎರಡು ಕೈ ಮಾತ್ರ. ಇಂಜಿನಿನ ವೇಗ ಏರಿಸಿ ಇಳಿಸುವ ರೆಗ್ಯುಲೇಟರ್ ಹಿಡಿಕೆ ಹಿಡಿದು ಹಿಡಿದು ಹೆಬ್ಬೆರಳ ಬುಡದಲ್ಲಿ ಜಡ್ಡುಗಟ್ಟಿದ್ದ ಬಲಗೈ ಅಳೆದು ಅಳೆದು ಚಿಂದಿ ನೀಡುತ್ತಿತ್ತು. "ಚೆನ್ನಾಗಿದೀಯಾ?" ಎಂದು ದಿನವೂ ಕೇಳುತ್ತಿದ್ದ ಅಪ್ಪ. "ಹ್ಞೂಂ ಭಾವ" ಎನ್ನುತ್ತಿದ್ದ ಮಾವ. "ಆಂ? ಏನಂದೆ?" ಎಂದು ಅಪ್ಪ ಮತ್ತೆ ಕೇಳುತ್ತಿದ್ದ.

ಅದೇ ಹೊಸ ರೂಢಿ. ಅಪ್ಪನಿಗೆ ಎಲ್ಲ ಕೇಳುತ್ತಿತ್ತು, ನಂಬಿಕೆ ಮಾತ್ರ ಹೋಗಿತ್ತು. ಕೇಳಿದ್ದನ್ನೂ ಕೇಳಿಲ್ಲ ಎಂದುಕೊಂಡು ಮತ್ತೆ ಹೇಳಿಸುತ್ತಿದ್ದ. "ನೀರು ಕುದೀತಾ ನೋಡು, ನನಗೆ ಗೊತ್ತಾಗಲ್ಲ" ಎಂದು ನನ್ನನ್ನು ಅಡುಗೆಮನೆಗೆ ಅಟ್ಟುತ್ತಿದ್ದ. ರಸ್ತೆ ದಾಟುವಾಗ ನನ್ನ ತೋಳು ಹಿಡಿದುಕೊಳ್ಳುತ್ತಿದ್ದ. ಅರವತ್ತು ಮೈಲಿ ವೇಗದಲ್ಲಿ ರೈಲು ಓಡಿಸಿದವನು ಸೈಕಲ್ ಗಂಟೆಗೆ ಬೆಚ್ಚುತ್ತಿದ್ದ.

ಮಾವ ಭಾನುವಾರದ ಊಟಕ್ಕೆ ಬರುವುದು ಕಡಿಮೆ ಮಾಡಿದ. ಚಿಂದಿ ತರಲು ಬೇರೆಯವರನ್ನು ಕಳಿಸತೊಡಗಿದ. ಶೆಡ್ಡಿನಲ್ಲಿ ಯಾರಾದರೂ ಸುಮ್ಮನೆ, "ಆ ಇಪ್ಪತ್ತೇಳು ಎಂಥ ಗಟ್ಟಿ ಇಂಜಿನಯ್ಯಾ" ಎಂದರೆ ಸಾಕು, "ತಗಡು ಸೀಳಿತ್ತು, ನಾನೇ ನೋಡಿದ್ದೀನಿ" ಎಂದು ಯಾರೂ ಕೇಳದ ಸಮಜಾಯಿಷಿ ಕೊಡುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ. ಪುಣ್ಯಕ್ಕೆ ಯಾರೂ ಅವನನ್ನು ಅನುಮಾನಿಸಲಿಲ್ಲ. ಅದನ್ನು ಪುಣ್ಯ ಎನ್ನಬೇಕೋ ಏನೋ. "ಒಬ್ಬನಾದ್ರೂ ಅನುಮಾನಪಟ್ಟಿದ್ರೆ ಅವತ್ತೇ ಬಾಯಿಬಿಡ್ತಿದ್ದೆ," ಎಂದು ಆಮೇಲೆ ಒಮ್ಮೆ ನನಗೆ ಹೇಳಿದ. "ಎಲ್ಲರೂ ನಂಬಿದ್ರು ನೋಡು, ಅದೇ ತಡ್ಕೊಳ್ಳೋಕೆ ಆಗಲಿಲ್ಲ."

ಇಪ್ಪತ್ತೇಳು ಹಿಂದಿನ ಹಳಿಯ ಮೇಲೆ ಎರಡೂವರೆ ವರ್ಷ ತುಕ್ಕು ಹಿಡಿಯುತ್ತಾ ನಿಂತಿತ್ತು. ಕೊನೆಗೆ ಗುಜರಿಯವರು ಗ್ಯಾಸ್ ಕಟರ್ ತಂದರು. ನಾಲ್ಕು ದಿನ ಕೊಯ್ದರು. ಐದನೆಯ ದಿನ ಮಧ್ಯಾಹ್ನ ಮಾವ ಅತ್ತ ಹೋದ. ಕೊಳವೆ ತಗಡು ಕಳಚಿ ನೆಲದ ಮೇಲೆ ಬಿದ್ದಿತ್ತು, ದೊಡ್ಡ ಜರಡಿಯ ಹಾಗೆ. ಅದರ ಮೇಲೆ ಕೂತು ಕೊಯ್ಯುವವನೊಬ್ಬ ಚಹಾ ಕುಡಿಯುತ್ತಿದ್ದ.

"ಇದನ್ನ ಯಾವ ಪುಣ್ಯಾತ್ಮ ಕೆಟ್ಟಿದೆ ಅಂದ?" ಎಂದು ಅವನು ಮಾವನನ್ನೇ ಕೇಳಿದ. "ಕೊಯ್ಯೋಕೆ ಹೋದ್ರೆ ಎರಡು ಸಿಲಿಂಡರ್ ಗ್ಯಾಸ್ ತಿಂತು. ಒಂದು ಕೂದಲಷ್ಟು ಬಿರುಕಿಲ್ಲ."

ಮಾವ ಅವನನ್ನು ಏಳಿಸಿ, ಅಲ್ಲಿದ್ದ ಒಂದು ಸ್ಪ್ಯಾನರಿನಿಂದ ತಗಡನ್ನು ಬಡಿದ. ಅದು ನೆಲದ ಮೇಲೆ ಬಿದ್ದುಕೊಂಡೇ ಠಣ್ ಎಂದಿತು. ಹೊಸ ಶೆಡ್ಡಿನವರೆಗೂ ಕೇಳಿಸಿತು ಎಂದು ಅವನಿಗೆ ಅನ್ನಿಸಿತು.

ಆ ಸಂಜೆ ನಮ್ಮ ಮನೆಗೆ ಬಂದ. ಅಪ್ಪ ಇನ್ನೂ ಬಂದಿರಲಿಲ್ಲ. ಅಮ್ಮ ಹಿತ್ತಲಿನಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅವಳ ಬೆನ್ನ ಹಿಂದೆ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ನಾನು ಕಿಟಕಿಯ ಒಳಗಿದ್ದೆ, ಕೇಳಬಾರದಿತ್ತು, ಕೇಳಿದೆ.

ಅಮ್ಮ ಅಪ್ಪನ ಅಂಗಿಯನ್ನು ಮಡಚಿದಳು, ಮತ್ತೆ ಬಿಚ್ಚಿದಳು, ಮತ್ತೆ ಮಡಚಿದಳು. "ಇದನ್ನ ಯಾಕೆ ಹೇಳ್ತಿದ್ದೀಯ?" ಅಂದಳು. "ನಿನ್ನ ಮನಸ್ಸು ಹಗುರ ಆಗಲಿ ಅಂತಲೋ, ಅವರದು ಆಗಲಿ ಅಂತಲೋ?"

ಮಾವ ತಂತಿಯ ಮೇಲೆ ಉಳಿದಿದ್ದ ಒಂದು ಪಂಚೆಯನ್ನು ಎಳೆದು ಅವಳ ಕೈಗೆ ಕೊಡಹೋದ.

"ಅವರದು ಆಗಲಿ ಅಂತಾದ್ರೆ ನನ್ನ ಹತ್ರ ಯಾಕೆ ಬಂದೆ? ಅಕ್ಕ ತಲೆ ಸವರಿ, ಹೋಗಲಿ ಬಿಡು ಅಂತಾಳೆ ಅಂತ ತಾನೆ? ನಾನು ಅನ್ನಲ್ಲ." ಅವಳ ದನಿ ಏರಲಿಲ್ಲ. "ನಿನ್ನನ್ನ ಎತ್ತಿ ಆಡಿಸಿದ ಮನುಷ್ಯ ಕಣೋ ಅವರು. ದಿನಾ ಬೆಳಗ್ಗೆ ಎದ್ದು, ಇವತ್ತು ಹಕ್ಕಿ ಕೂಗೋದು ಕೇಳ್ತಿದೆಯಾ ಅಂತ ನನ್ನನ್ನ ಕೇಳ್ತಾರೆ."

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಾವ ಸ್ಟೋರ್ಸಿಗೆ ಹೋದ. ಕಿಟಕಿಗಲ್ಲ, ಪಕ್ಕದ ಬಾಗಿಲಿನಿಂದ ಒಳಗೆ. ಅಪ್ಪ ನೆಲದ ಮೇಲೆ ಕೂತು ಚಿಂದಿಯ ಕಟ್ಟು ಕಟ್ಟುತ್ತಿದ್ದ.

"ಭಾವ, ಇಪ್ಪತ್ತೇಳರಲ್ಲಿ ಬಿರುಕು ಇರಲಿಲ್ಲ."

"ಆಂ?"

"ಬಿರುಕು ಇರಲಿಲ್ಲ. ನಾನು ಸುಳ್ಳು ಬರೆದೆ. ತರಬೇತಿಗೆ ಬಿಡುಗಡೆ ಆಗಲಿ ಅಂತ."

ಅಪ್ಪ ದಾರ ಸುತ್ತುತ್ತಲೇ ಇದ್ದ. "ನಾನು ನೋಡಿದೆನಲ್ಲ."

"ಅದು ಮಸಿಯ ಗೆರೆ."

"ಕಾಣ್ತಾ ಇದೆ ಅಂದೆನಲ್ಲ ನಾನು."

"ನಾನು ತೋರಿಸಿದೆ ಅಂತ ಕಾಣಿಸ್ತು ಭಾವ."

ಕಟ್ಟಿದ ಕಟ್ಟನ್ನು ಅಪ್ಪ ಪಕ್ಕಕ್ಕಿಟ್ಟ. "ಹಾಗಾದ್ರೆ ಅವತ್ತು ಇಳಿಜಾರಿನಲ್ಲಿ ನನಗೇನೂ ಕೇಳಲಿಲ್ಲ ಅಂದ್ರೆ, ಕೇಳೋಕೆ ಏನೂ ಇರಲಿಲ್ಲ ಅಂತ."

"ಹೌದು."

ಅಪ್ಪನ ಮುಖ ಒಂದು ಕ್ಷಣ ಬೆಳಗಿತಂತೆ. ಅದನ್ನೇ ಮಾವ ಕೊನೆಯವರೆಗೂ ಮರೆಯಲಿಲ್ಲ. ಬೈದಿದ್ದರೆ ಮರೆಯಬಹುದಿತ್ತು ಎನ್ನುತ್ತಿದ್ದ. ಆಮೇಲೆ ಆ ಬೆಳಕು ಇಳಿಯಿತು. ಅಪ್ಪನಿಗೆ ಆಗ ಐವತ್ತಮೂರು. ಡ್ರೈವರ್ ತರಬೇತಿಯ ಬಾಗಿಲು ಮುಚ್ಚಿ ವರ್ಷವಾಗಿತ್ತು.

"ಹೋಗು," ಅಂದ. "ಊಟದ ಹೊತ್ತು ಮುಗೀತು."

ಮಾವ ಅಲ್ಲಿಗೇ ಬಿಡಲಿಲ್ಲ. ತಪ್ಪೊಪ್ಪಿಗೆ ಬರೆದುಕೊಂಡು ಶೆಡ್ಡಿನ ದೊಡ್ಡ ಸಾಹೇಬರ ಮುಂದೆ ಇಟ್ಟ. ಅವರು ಹೊಸಬರು, ಉಗಿ ಇಂಜಿನಿನ ಕಾಲ ಕಂಡವರಲ್ಲ. ಎರಡು ಸಲ ಓದಿದರು. "ಇಂಜಿನು ಗುಜರಿಗೆ ಹೋಯ್ತು. ಪುಸ್ತಕ ರದ್ದಿಗೆ ಹೋಯ್ತು. ಸಹಿ ಹಾಕಿದ ಇನ್‌ಸ್ಪೆಕ್ಟರ್ ರಿಟೈರ್ ಆದ್ರು. ಇಲ್ಲದ ಇಂಜಿನಿನಲ್ಲಿ ಇಲ್ಲದ ಬಿರುಕಿಗೆ ನಾನು ಯಾರಿಗಪ್ಪ ಶಿಕ್ಷೆ ಕೊಡಲಿ? ಒಳ್ಳೆ ಫಿಟ್ಟರು ನೀನು, ಹೋಗಿ ಕೆಲಸ ನೋಡು" ಎಂದು ಕಾಗದ ವಾಪಸು ಕೊಟ್ಟರು. ಶಿಕ್ಷೆ ಕೇಳಿ ಹೋದವನಿಗೆ ಹೊಗಳಿಕೆ ಸಿಕ್ಕಿತು. ಆ ದಿನ ಅವನು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತನಂತೆ.

ಅಪ್ಪ ಏಳು ತಿಂಗಳು ಅವನೊಡನೆ ಮಾತಾಡಲಿಲ್ಲ. ಅಮ್ಮನೂ ಕರೆಯಲಿಲ್ಲ. ಆದರೆ ಮನೆಯಲ್ಲಿ ಒಂದು ಬದಲಾವಣೆಯಾಗಿತ್ತು: ಅಪ್ಪ "ಆಂ?" ಅನ್ನುವುದನ್ನು ಬಿಟ್ಟಿದ್ದ. ನನ್ನ ತೋಳು ಹಿಡಿಯದೆ ರಸ್ತೆ ದಾಟುತ್ತಿದ್ದ. ಒಂದು ದಿನ ಹಜಾರದಿಂದಲೇ, "ಒಲೆ ಸಣ್ಣ ಮಾಡು, ಉಕ್ಕುತ್ತೆ" ಎಂದು ಕೂಗಿದ. ಅಮ್ಮ ಅಡುಗೆಮನೆಯಲ್ಲಿ ಸೆರಗಿಗೆ ಕಣ್ಣೊರೆಸಿಕೊಂಡಳು.

ಏಳು ತಿಂಗಳ ಮೇಲೆ ಒಂದು ಬೆಳಗ್ಗೆ ಅಪ್ಪ ಸ್ಟೋರ್ಸಿನಿಂದ ಎದ್ದು ಹೊಸ ಶೆಡ್ಡಿಗೆ ನಡೆದುಕೊಂಡು ಬಂದ. ಮಾವನ ಎದುರು ನಿಂತು, "ಮೂರನೇ ಲೈನಿನಲ್ಲಿ ನಿಂತಿರೋ ಇಂಜಿನಿನ ಸದ್ದು ಸರಿಯಿಲ್ಲ. ಬಿಚ್ಚಿ ನೋಡು" ಅಂದ. ಅಷ್ಟೇ ಹೇಳಿ ಹೋದ.

ಮಾವ ನಾಲ್ಕು ಜನರನ್ನು ಹಾಕಿಕೊಂಡು ಇಡೀ ದಿನ ಆ ಇಂಜಿನನ್ನು ಅರ್ಧ ಬಿಚ್ಚಿದ. ಏನೂ ಸಿಗಲಿಲ್ಲ. ಸಾಹೇಬರು ಕೂಗಾಡಿದರು. ಕೊನೆಗೆ ನೋಡಿದರೆ, ಪಕ್ಕದ ಮೆಟ್ಟಿಲಿನ ಕೆಳಗಿನ ಉಪಕರಣದ ಪೆಟ್ಟಿಗೆಯ ಮುಚ್ಚಳ ಸಡಿಲವಾಗಿ ಅಲುಗುತ್ತಿತ್ತು. ಶೆಡ್ಡಿಗೆ ಶೆಡ್ಡೇ ನಕ್ಕಿತು. ಮಾವ ಹೆದರಿಕೊಂಡೇ ಅಪ್ಪನಿಗೆ ಹೋಗಿ ಹೇಳಿದ.

ಅಪ್ಪ ಕಿಟಕಿಯಿಂದ ಬಗ್ಗಿ ನೋಡಿ, "ಸದ್ದು ಇತ್ತು ತಾನೆ?" ಅಂದ.

"ಇತ್ತು ಭಾವ."

"ಮತ್ತೆ?" ಎಂದು ನಕ್ಕ.

ಆಮೇಲೆ ಮಾತು ಮೆಲ್ಲಗೆ ಶುರುವಾಯಿತು. ಮೊದಲಿನ ಸಲಿಗೆ ಬರಲಿಲ್ಲ. ಊಟಕ್ಕೆ ಕೂತರೆ ಅಪ್ಪ ಅವನ ತಟ್ಟೆ ಖಾಲಿಯಾದದ್ದನ್ನು ಗಮನಿಸುತ್ತಿದ್ದ, ಬಡಿಸು ಎನ್ನುತ್ತಿದ್ದ. ಹಳೆಯ ಇಂಜಿನುಗಳ ಕಥೆ ಮಾತ್ರ ಅವನ ಮುಂದೆ ತೆಗೆಯುತ್ತಿರಲಿಲ್ಲ. ಮಾವನಿಗೆ ಇನ್‌ಸ್ಪೆಕ್ಟರ್ ಆಗಿ ಬಡ್ತಿ ಬಂದಾಗ, ಸಹಿ ಹಾಕುವ ಕೆಲಸ ನನಗೆ ಬೇಡ ಎಂದು ಹಟ ಹಿಡಿದ. ಆಗ ತೆಗೆದುಕೋ ಎಂದವನು ಅಪ್ಪನೇ. "ನೀನು ಬಿಟ್ಟರೆ ಪಟ್ಟೀಲಿ ನಿನ್ನ ಹಿಂದಿರೋ ಆ ಮೈಗಳ್ಳನಿಗೆ ಕೊಡ್ತಾರೆ. ಅವನಿಗೆ ಒಂದು ನಟ್ಟು ಎಡಕ್ಕೆ ತಿರುಗುತ್ತೋ ಬಲಕ್ಕೋ ಗೊತ್ತಿಲ್ಲ," ಅಂದ. ಮಾವ ಒಪ್ಪಿಕೊಂಡ. ತಾನು ಬರೆದ ಪ್ರತಿ ದೋಷವನ್ನೂ ಇನ್ನೊಬ್ಬರು ಕೈಯಿಂದ ಮುಟ್ಟಿ ನೋಡುವವರೆಗೆ ಪುಸ್ತಕ ಮುಚ್ಚಲು ಬಿಡುತ್ತಿರಲಿಲ್ಲ. ಕೆಳಗಿನವರಿಗೆ ಅದೊಂದು ಪೀಡೆ. ಅವನ ಬೆನ್ನ ಹಿಂದೆ ಏನೇನೋ ಅನ್ನುತ್ತಿದ್ದರು.

ಅಪ್ಪ ತೀರಿಕೊಂಡ ಮರುವರ್ಷ ನಾನು ಮಾವನನ್ನು ನೋಡಲು ಹೋಗಿದ್ದೆ. ಅವನೂ ರಿಟೈರ್ ಆಗಿ ಬಹಳ ವರ್ಷವಾಗಿತ್ತು. ತಲೆ ಪೂರ್ತಿ ಬೆಳ್ಳಗಾಗಿತ್ತು. ಎಷ್ಟೋ ವರ್ಷ ಬಾಯಿಯಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಅಂದು ಕೇಳಿದೆ: "ಅಪ್ಪ ನಿನ್ನನ್ನ ಕ್ಷಮಿಸಿದ್ರಾ ಮಾವ?"

"ನಾನು ಕೇಳಲಿಲ್ಲ," ಅಂದ. "ಕೇಳಿದ್ರೆ ಕೊಟ್ಟುಬಿಡ್ತಿದ್ರು. ಅದಕ್ಕೇ ಕೇಳಲಿಲ್ಲ."

ಆಮೇಲೆ ನನ್ನ ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸಿ, ನಿಲ್ದಾಣದವರೆಗೆ ಬರುತ್ತೇನೆಂದು ಚಪ್ಪಲಿ ಹುಡುಕತೊಡಗಿದ.